ಕೂಲಿ ಕೊಟ್ಟರೆ ಆಟ ಕೆಡುತ್ತದಂತೆ!

ಅಮೆರಿಕದಲ್ಲಿ ಈಗ ಒಂದು ಗೋಳು ಜೋರಾಗಿ ಕೇಳಿಬರುತ್ತಿದೆ. ಕಾಲೇಜು ಫುಟ್‌ಬಾಲ್ ಕೆಟ್ಟುಹೋಯಿತಂತೆ. ಹುಡುಗರಿಗೆ ದುಡ್ಡಿನ ರುಚಿ ಹತ್ತಿತಂತೆ. ಈ ವರ್ಷ ಒಂದು ವಿಶ್ವವಿದ್ಯಾಲಯ, ಮುಂದಿನ ವರ್ಷ ಇನ್ನೊಂದು ಅಂತ ಹೆಚ್ಚು ಕೊಟ್ಟವರ ಕಡೆ ಹೊರಟುಬಿಡುತ್ತಾರಂತೆ. ಸಿರಿವಂತ ಹಳೆಯ ವಿದ್ಯಾರ್ಥಿಗಳಿರುವ ಕಾಲೇಜು ಗೆಲ್ಲುತ್ತದೆ, ಇಲ್ಲದ್ದು ಸೋಲುತ್ತದೆ, ಸರಿಸಮ ಸ್ಪರ್ಧೆ ಅನ್ನೋದೇ ಸತ್ತುಹೋಯಿತು ಅಂತ ಅಳುತ್ತಿದ್ದಾರೆ.

ಅಳುವವರು ಯಾರು? ವರ್ಷಕ್ಕೆ ಒಂದು ಕೋಟಿ ಡಾಲರ್ ಸಂಬಳ ಎಣಿಸುವ ಕೋಚುಗಳು. ಟಿ.ವಿ. ಕಂಪನಿಗಳ ಜೊತೆ ನೂರಾರು ಕೋಟಿ ಡಾಲರಿನ ಕರಾರು ಬರೆದುಕೊಂಡ ಆಡಳಿತಗಾರರು. ಕೂಲಿ ಕೊಟ್ಟರೆ ಆಟ ಕೆಡುತ್ತದೆ ಅನ್ನೋದು ಇವರ ವಾದ. ಕೂಲಿ ಕೇಳಿದರೆ ಊರಿನ ಕಟ್ಟಳೆ ಕೆಡುತ್ತದೆ ಅನ್ನುವ ಮಾತನ್ನು ನಮ್ಮ ಅಪ್ಪಂದಿರು, ಅಜ್ಜಂದಿರು ಗೌಡನ ಅಂಗಳದಲ್ಲಿ ನಿಂತು ಕೇಳಿದ್ದಾರೆ. ಭಾಷೆ ಬೇರೆ, ಮಾತು ಒಂದೇ. ಈ ಜಗಳದಲ್ಲಿ ನಮಗೇನು ಕೆಲಸ ಅಂತ ಆದ್ದರಿಂದ ಯಾರೂ ಕೇಳಬೇಡಿ.

ಮೊದಲು ಆಟ ಯಾವುದು ಅಂತ ತಿಳಿಯೋಣ. ಇದು ನಮ್ಮ ಹಳ್ಳಿ ಶಾಲೆಯ ಬಯಲಲ್ಲಿ ಕಾಲಿಂದ ಒದೆಯುವ ಫುಟ್‌ಬಾಲ್ ಅಲ್ಲ. ಸುಲಿದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಕವಚ ಬಿಗಿದುಕೊಂಡು, ಎದುರಿಗೆ ಬಂದವನನ್ನು ಮೈಯಿಂದ ಗುದ್ದಿ ಕೆಡವುತ್ತಾ ನುಗ್ಗುವ ಆಟ. ಮೂಳೆ ಮುರಿಯುತ್ತೆ, ಮಿದುಳು ಅಲುಗುತ್ತೆ. ಆಡುವವರು ಡಿಗ್ರಿ ಓದುವ 18ರಿಂದ 22ರ ಹುಡುಗರು. ನೋಡುವವರು ಎಷ್ಟು ಜನ ಅಂತೀರಿ? ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಒಂದರಲ್ಲೇ 1 ಲಕ್ಷದ 7 ಸಾವಿರ ಮಂದಿ ಕೂರಬಹುದು. ಟಿ.ವಿ. ಮುಂದೆ ಕೂತವರ ಲೆಕ್ಕ ಬೇರೆ.

ಆ ಮೈಗಳು ಯಾರವು? 2018ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ಅಧ್ಯಯನ ಐದು ದೊಡ್ಡ ಲೀಗುಗಳ 65 ವಿಶ್ವವಿದ್ಯಾಲಯಗಳ ಲೆಕ್ಕ ತೆಗೆಯಿತು. ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಕಪ್ಪು ಹುಡುಗರು ನೂರಕ್ಕೆ 2.4. ಫುಟ್‌ಬಾಲ್ ತಂಡಗಳಲ್ಲಿ ನೂರಕ್ಕೆ 55. ತರಗತಿಯಲ್ಲಿ ಇವರಿಗೆ ಜಾಗ ಇಲ್ಲ, ಮೈದಾನದಲ್ಲಿ ಇವರಿಲ್ಲದೆ ಆಟ ಇಲ್ಲ. ಗುಡಿ ಕಟ್ಟೋಕೆ ಕಲ್ಲು ಹೊತ್ತವರು ಗುಡಿಯ ಒಳಗೆ ಬರಬಾರದು ಅನ್ನುವ ಲೆಕ್ಕವೇ ಇದು.

ಇಂಥ ದುಡಿಮೆಗೆ ನೂರು ವರ್ಷ ಕೂಲಿ ಇರಲಿಲ್ಲ. ಫೀಸು, ಊಟ, ಹಾಸ್ಟೆಲು, ಅಷ್ಟೆ. ಅದನ್ನು 'ಅಮೆಚೂರ್ ಆದರ್ಶ' ಅಂತ ಕರೆದರು. ಅಂದರೆ ದುಡ್ಡಿಗಾಗಿ ಅಲ್ಲ, ಪ್ರೀತಿಗಾಗಿ ಆಡೋದು. ಎಂಥಾ ಒಳ್ಳೆ ಮಾತು! ಆದರೆ ಈ ಆದರ್ಶ ಆಡುವವನಿಗೆ ಮಾತ್ರ. ಆಡಿಸುವವನಿಗೆ ಇಲ್ಲ, ಟಿಕೆಟ್ ಮಾರುವವನಿಗೆ ಇಲ್ಲ. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಷರ್‌ನನ್ನು ಕೆಲಸದಿಂದ ತೆಗೆಯಿತು. ಕರಾರು ಮುರಿದದ್ದಕ್ಕೆ ಅವನಿಗೆ ಬರಬೇಕಾದ ಹಣ ಏಳೂವರೆ ಕೋಟಿ ಡಾಲರಿಗೂ ಹೆಚ್ಚು. ಕೆಲಸ ಮಾಡದೆ ಇರೋದಕ್ಕೆ ಅಷ್ಟು! ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ತೆಗೆದುಕೊಳ್ಳುವ ಸರ್ಕಾರಿ ನೌಕರ ಡಾಕ್ಟರಲ್ಲ, ನ್ಯಾಯಾಧೀಶನಲ್ಲ, ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚು.

ಕೂಲಿ ತಪ್ಪಿಸೋದಕ್ಕೆ ಒಂದು ಹೆಸರೇ ಹುಟ್ಟಿತು: 'ಸ್ಟೂಡೆಂಟ್ ಅಥ್ಲೀಟ್', ವಿದ್ಯಾರ್ಥಿ ಕ್ರೀಡಾಪಟು. ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಎಂಬ ಸಂಸ್ಥೆ 1950ರ ದಶಕದಲ್ಲಿ ಈ ಹೆಸರು ಕಟ್ಟಿತು. ಯಾಕೆ? 1955ರಲ್ಲಿ ಕೊಲೊರಾಡೊ ರಾಜ್ಯದ ಒಂದು ಸಣ್ಣ ಕಾಲೇಜಿನ ಆಟಗಾರ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ಸತ್ತ. ಅವನ ಹೆಂಡತಿ, ಕೆಲಸದಲ್ಲಿ ಸತ್ತ ಕಾರ್ಮಿಕನಿಗೆ ಸಿಗುವ ಪರಿಹಾರ ಕೊಡಿ ಅಂತ ಕೇಳಿದಳು. 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಕೊಡಕ್ಕಾಗಲ್ಲ ಅಂದಿತು. ಕಾಲೇಜು ಫುಟ್‌ಬಾಲಿನ ವ್ಯಾಪಾರದಲ್ಲಿ ಇಲ್ಲವಂತೆ! 1974ರಲ್ಲಿ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಕೆಂಟ್ ವಾಲ್ಡ್ರೆಪ್ ಆಟದ ಮಧ್ಯೆ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡ. ಅವನ ಪರಿಹಾರದ ಹೋರಾಟವೂ 2000ದಲ್ಲಿ ಕೋರ್ಟಿನಲ್ಲಿ ಸೋತಿತು. ಅವನು ನೌಕರನಲ್ಲವಂತೆ.

ಈ ಹೆಸರನ್ನು ಚಲಾವಣೆಗೆ ತಂದ ವಾಲ್ಟರ್ ಬೈಯರ್ಸ್ 1951ರಿಂದ 1987ರವರೆಗೆ ಎನ್‌ಸಿಎಎ ಮುಖ್ಯಸ್ಥನಾಗಿದ್ದವನು. ನಿವೃತ್ತನಾದ ಮೇಲೆ 1995ರಲ್ಲಿ ಪುಸ್ತಕ ಬರೆದು, ಈ ವ್ಯವಸ್ಥೆಯಲ್ಲಿ ಜೀತದ ತೋಟಗಳ ಮನೋಧರ್ಮ ಇದೆ ಅನ್ನೋದನ್ನು ತಾನೇ ಒಪ್ಪಿಕೊಂಡ. ಸಿಹಿ ಹೆಸರಿಟ್ಟು ಪಾಲು ಕಿತ್ತುಕೊಳ್ಳುವ ವಿದ್ಯೆ ನಮಗೇನು ಹೊಸದಲ್ಲ. ನಮ್ಮನ್ನು ದೇವರ ಮಕ್ಕಳು ಅಂತ ಕರೆದು ದೇವಸ್ಥಾನದ ಬಾಗಿಲಾಚೆ ನಿಲ್ಲಿಸಿದ ದೇಶ ನಮ್ಮದು.

ಇನ್ನು 'ಸರಿಸಮ ಸ್ಪರ್ಧೆ'ಯ ವಿಚಾರ. ಕೂಲಿ ಬರುವ ಮೊದಲು ಸ್ಪರ್ಧೆ ಸರಿಸಮ ಇತ್ತೇ? ಲೆಕ್ಕ ಹಾಕೋಣ. 2014ರಿಂದ ರಾಷ್ಟ್ರೀಯ ಪ್ರಶಸ್ತಿಗೆ ನಾಲ್ಕು ತಂಡಗಳನ್ನು ಆರಿಸುವ ಪದ್ಧತಿ ಬಂತು. 2020ರವರೆಗೆ ಏಳು ವರ್ಷ, 28 ಜಾಗ. ಆಗ ಆಟಗಾರರಿಗೆ ಕಾನೂನು ಪ್ರಕಾರ ಒಂದು ಪೈಸೆ ಕೂಲಿ ಇಲ್ಲ. ಅಲಬಾಮಾ 6 ಸಲ, ಕ್ಲೆಮ್ಸನ್ 6 ಸಲ, ಒಹಾಯೊ ಸ್ಟೇಟ್ 4 ಸಲ, ಒಕ್ಲಹೋಮ 4 ಸಲ. 28ರಲ್ಲಿ 20 ಜಾಗ ನಾಲ್ಕೇ ವಿಶ್ವವಿದ್ಯಾಲಯಗಳ ಪಾಲು. ನೂರಕ್ಕೂ ಹೆಚ್ಚು ತಂಡಗಳಿರುವ ಆಟದಲ್ಲಿ ಇದೇ ನಿಮ್ಮ ಸಮಬಲವೇ? ಹಣ ಆಗಲೂ ಗೆಲ್ಲಿಸುತ್ತಿತ್ತು. ಆದರೆ ಅದು ಹುಡುಗರ ಕೈಗೆ ಹೋಗದೆ ಕೋಚಿನ ಸಂಬಳಕ್ಕೆ, ಅಮೃತಶಿಲೆಯ ವ್ಯಾಯಾಮಶಾಲೆಗೆ, ಅರಮನೆಯಂಥ ಡ್ರೆಸಿಂಗ್ ರೂಮಿಗೆ ಹೋಗುತ್ತಿತ್ತು. ಆಗ ಯಾವ ಅಂಕಣಕಾರನೂ ಅಳಲಿಲ್ಲ.

ಕದ್ದು ಕೊಡುವ ಹಣವೂ ಇತ್ತು. ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ ಸದರ್ನ್ ಮೆಥಡಿಸ್ಟ್ ಅನ್ನುವ ಶ್ರೀಮಂತರ ವಿಶ್ವವಿದ್ಯಾಲಯ ಇದೆ. ಅಲ್ಲಿ ತಂಡದ ಪೋಷಕರು ಗುಟ್ಟಾಗಿ 13 ಹುಡುಗರಿಗೆ ಒಟ್ಟು 61 ಸಾವಿರ ಡಾಲರ್ ಕೊಟ್ಟದ್ದು ಬಯಲಾಯಿತು. 1987ರಲ್ಲಿ ಎನ್‌ಸಿಎಎ ಆ ತಂಡಕ್ಕೆ 'ಮರಣದಂಡನೆ' ವಿಧಿಸಿತು. ಆ ವರ್ಷ ಆಟವೇ ಇಲ್ಲ, ಮರುವರ್ಷವೂ ತಂಡ ಕಣಕ್ಕಿಳಿಯಲಿಲ್ಲ. ಈ ಹಣ ನಿಲ್ಲಿಸದೆ ಮುಂದುವರಿಸಲು ಒಪ್ಪಿದವರಲ್ಲಿ ತಾನೂ ಒಬ್ಬ ಅಂತ ಒಪ್ಪಿಕೊಂಡವನು ಬಿಲ್ ಕ್ಲೆಮೆಂಟ್ಸ್. ಆಗ ಅವನು ರಾಜ್ಯದ ಗವರ್ನರ್, ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ. ಹುಡುಗರ ತಂಡ ಸತ್ತಿತು, ಗವರ್ನರ್ 1991ರವರೆಗೆ ಕುರ್ಚಿಯಲ್ಲೇ ಇದ್ದ.

ಅದೇ ವಿಶ್ವವಿದ್ಯಾಲಯ 2024ರಲ್ಲಿ ದೊಡ್ಡ ಲೀಗೊಂದಕ್ಕೆ ಏರಿತು. ಒಂಬತ್ತು ವರ್ಷ ಟಿ.ವಿ. ಹಣದ ಪಾಲು ಬೇಡ, ಸೇರಿಸಿಕೊಂಡರೆ ಸಾಕು ಅಂದಿತು. ಹೊಟ್ಟೆಗಿಲ್ಲದವರು ಹೀಗೆ ಹೇಳಲಾಗುತ್ತದೆಯೇ? ಅದರ ಹಿಂದೆ ಡಲ್ಲಾಸಿನ ಕುಬೇರ ಹಳೆಯ ವಿದ್ಯಾರ್ಥಿಗಳಿದ್ದರು. ಒಂದು ವಾರ ತುಂಬುವುದರೊಳಗೆ 10 ಕೋಟಿ ಡಾಲರ್ ಕೂಡಿತು. ಅದೇ ವರ್ಷ ತಂಡ ರಾಷ್ಟ್ರೀಯ ಸುತ್ತಿಗೂ ಹೋಯಿತು. 1987ರಲ್ಲಿ ಮರಣದಂಡನೆಯ ಪಾಪ, 2024ರಲ್ಲಿ ಹೊಗಳಿಕೆಯ ಪುಣ್ಯ! ಹಣ ಅದೇ, ಕೊಡುವ ಕೈಗಳೂ ಅವೇ ಜಾತಿಯವು.

ಹಾಗಾದರೆ ಈ 'ಹಳೆಯ ವಿದ್ಯಾರ್ಥಿ' ಅನ್ನೋನು ಯಾರು? ಅವನ ಐಶ್ವರ್ಯ ಎಲ್ಲಿಂದ ಬಂತು? ಕೂಲಿಯಿಂದ ಆಟ ಕೆಟ್ಟಿತು ಅನ್ನುವವರು ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ನಾವು ಎತ್ತುತ್ತೇವೆ. ಯಾಕೆಂದರೆ ನಮ್ಮ ಮನೆಗಳಲ್ಲಿ ಹಳೆಯ ವಿದ್ಯಾರ್ಥಿ ಅಂತ ಒಬ್ಬರೂ ಇರಲಿಲ್ಲ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಶಾಲು ಹೊದ್ದು ವೇದಿಕೆ ಮೇಲೆ ಕೂತವರೆಲ್ಲ ಕಾಲೇಜು ನೋಡಿದ ಅಪ್ಪಂದಿರ ಮಕ್ಕಳು. ನಾವು ಹಿಂದೆ ಕುರ್ಚಿ ಜೋಡಿಸುತ್ತಿದ್ದೆವು. ಯಾವ ಮನೆತನದಲ್ಲಿ ಹಳೆಯ ವಿದ್ಯಾರ್ಥಿಗಳಿದ್ದಾರೆ, ಯಾವುದರಲ್ಲಿ ಇಲ್ಲ ಅನ್ನೋದು ಹಣೆಬರಹವಲ್ಲ. ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಅನ್ನುವುದರ ದಾಖಲೆ ಅದು.

ಅಮೆರಿಕದ ಆ ದಾಖಲೆಯ ಒಂದು ಪುಟ ತೆಗೆಯೋಣ. ಒಕ್ಲಹೋಮ ರಾಜ್ಯದ ಸ್ಟಿಲ್‌ವಾಟರ್ ಊರಿನ ಕಾಲೇಜು. ಆಗ ಅದರ ಹೆಸರು ಒಕ್ಲಹೋಮ ಎ ಅಂಡ್ ಎಂ, ಈಗ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯ. 1949ರಲ್ಲಿ ನ್ಯಾನ್ಸಿ ರ‍್ಯಾಂಡಾಲ್ಫ್ ಡೇವಿಸ್ ಎಂಬ ಶಿಕ್ಷಕಿ ಅಲ್ಲಿಗೆ ಸೇರಿದರು. ಆ ಕಾಲೇಜಿಗೆ ಬಂದ ಮೊದಲ ಕಪ್ಪು ವಿದ್ಯಾರ್ಥಿ ಅವರು. ಮೊದಮೊದಲು ಅವರನ್ನು ತರಗತಿಯ ಹೊರಗಿನ ಹಜಾರದಲ್ಲಿ ಕೂರಿಸಿ ಪಾಠ ಕೇಳಿಸಿದರು. ಮನೆಯಿಂದ ಗೋಣಿತಟ್ಟು ಹೊತ್ತು ತಂದು ಶಾಲೆಯಲ್ಲಿ ಬೇರೆ ಕೂತ ಹುಡುಗ ಭೀಮರಾವ್ ನೆನಪಾಗುವುದಿಲ್ಲವೇ?

1951ರಲ್ಲಿ ಅದೇ ಕಾಲೇಜಿನಿಂದ ಬೂನ್ ಪಿಕನ್ಸ್ ಎಂಬ ಬಿಳಿಯ ಹುಡುಗ ಭೂಗರ್ಭಶಾಸ್ತ್ರದಲ್ಲಿ ಪದವಿ ತೆಗೆದುಕೊಂಡು ಹೊರಬಂದ. ತರಗತಿಯ ಒಳಗೆ ಕೂತು ಓದಿದವನು. ಎಣ್ಣೆ ವ್ಯಾಪಾರಕ್ಕೆ ಇಳಿದ, ಕುಬೇರನಾದ.

ಅದೇ 1951ರ ಅಕ್ಟೋಬರ್ 20ರಂದು ಅದೇ ಕಾಲೇಜಿನ ಮೈದಾನಕ್ಕೆ ಡ್ರೇಕ್ ವಿಶ್ವವಿದ್ಯಾಲಯದ ತಂಡ ಬಂತು. ಅದರಲ್ಲಿ ಜಾನಿ ಬ್ರೈಟ್ ಎಂಬ ಕಪ್ಪು ಆಟಗಾರ ಇದ್ದ. ದೇಶದಲ್ಲೇ ಹೆಸರಾದವನು. ಮೊದಲ ಏಳು ನಿಮಿಷದಲ್ಲಿ ಅವನನ್ನು ಮೂರು ಸಲ ಎಚ್ಚರ ತಪ್ಪುವಂತೆ ಹೊಡೆದು ಕೆಡವಿದರು. ಚೆಂಡು ಅವನ ಕೈಯಲ್ಲಿ ಇಲ್ಲದಾಗಲೂ ಮುಖಕ್ಕೆ ಗುದ್ದಿದರು. ದವಡೆ ಮುರಿಯಿತು. ಒಂದು ಪತ್ರಿಕೆ ಆ ಹೊಡೆತದ ಚಿತ್ರಗಳನ್ನು ಸಾಲಾಗಿ ಅಚ್ಚು ಹಾಕಿತು. 1952ರಲ್ಲಿ ಆ ಚಿತ್ರಗಳಿಗೆ ಪುಲಿಟ್ಜರ್ ಬಹುಮಾನ ಬಂತು. ಹೊಡೆದವನಿಗೆ ಲೀಗಿನಿಂದ ಯಾವ ಶಿಕ್ಷೆಯೂ ಆಗಲಿಲ್ಲ. ಡ್ರೇಕ್ ಪ್ರತಿಭಟಿಸಿ ಲೀಗು ಬಿಟ್ಟು ಹೊರಬಂತು. ಬ್ರೈಟ್ ಅಮೆರಿಕದಲ್ಲಿ ಆಡಲೊಲ್ಲೆ ಅಂತ ಕೆನಡಾಕ್ಕೆ ಹೋದ. ಅಲ್ಲಿ ಆಡಿದ, ಪಾಠ ಹೇಳಿದ, ಶಾಲೆಯೊಂದರ ಪ್ರಿನ್ಸಿಪಾಲನಾದ, 1983ರಲ್ಲಿ ತೀರಿಕೊಂಡ.

ಒಕ್ಲಹೋಮ ಸ್ಟೇಟ್ ಕ್ಷಮೆ ಕೇಳಿದ್ದು ಯಾವಾಗ? 2005ರಲ್ಲಿ. 54 ವರ್ಷ ಆದ ಮೇಲೆ, ಕ್ಷಮಿಸಬೇಕಾದವನು ಸತ್ತು 22 ವರ್ಷ ಆದ ಮೇಲೆ. ಅದೇ 2005ರ ಕೊನೆಯಲ್ಲಿ ಪಿಕನ್ಸ್ ತನ್ನ ಹಳೆಯ ಕಾಲೇಜಿನ ಕ್ರೀಡಾ ವಿಭಾಗಕ್ಕೆ ಹದಿನಾರೂವರೆ ಕೋಟಿ ಡಾಲರ್ ಕೊಟ್ಟ. ಒಂದು ಕಾಲೇಜಿನ ಕ್ರೀಡೆಗೆ ಅಲ್ಲಿಯವರೆಗೆ ಯಾರೂ ಕೊಡದಷ್ಟು ಹಣ. ಬ್ರೈಟ್‌ನ ದವಡೆ ಮುರಿದ ಆ ಜಾಗದಲ್ಲಿ ಇವತ್ತು ನಿಂತಿರುವುದು ಬೂನ್ ಪಿಕನ್ಸ್ ಕ್ರೀಡಾಂಗಣ.

ಪಿಕನ್ಸ್ ಯಾರನ್ನೂ ಹೊಡೆಯಲಿಲ್ಲ ನಿಜ. ಅವನು ಕೆಟ್ಟವನು ಅಂತ ನಾವು ಹೇಳುತ್ತಿಲ್ಲ. ಒಳಗೆ ಕೂತವನ ಓದು ಎಣ್ಣೆಯಾಯಿತು, ಎಣ್ಣೆ ಡಾಲರಾಯಿತು, ಡಾಲರು ಕ್ರೀಡಾಂಗಣವಾಯಿತು. ಹಜಾರದಲ್ಲಿ ಕೂತವರ ಪೀಳಿಗೆಯಲ್ಲಿ ಆ ಐಶ್ವರ್ಯ ಹುಟ್ಟಲು ಬಿಡಲಿಲ್ಲ. ಇವತ್ತು ಹಜಾರದವರ ಮೊಮ್ಮಕ್ಕಳು ಆ ಕ್ರೀಡಾಂಗಣದಲ್ಲಿ ಓಡುತ್ತಾರೆ. ಹಳೆಯ ವಿದ್ಯಾರ್ಥಿಯ ಐಶ್ವರ್ಯ ಅಂದರೆ ಹಳೆಯ ಬಹಿಷ್ಕಾರಕ್ಕೆ ಬಿದ್ದ ಬಡ್ಡಿ, ಗೆಳೆಯರೇ.

ಇದಕ್ಕೆ ಇನ್ನೊಂದು ಮುಖ ಇದೆ. ಬಿಳಿಯರ ಕಾಲೇಜುಗಳು ಬಾಗಿಲು ಮುಚ್ಚಿದ್ದಾಗ ಕಪ್ಪು ಜನ ತಮ್ಮ ಕಾಲೇಜುಗಳಲ್ಲಿ ಆಟ ಕಟ್ಟಿದರು. ಲೂಯಿಸಿಯಾನದ ಗ್ರ್ಯಾಂಬ್ಲಿಂಗ್ ಕಾಲೇಜಿನಲ್ಲಿ ಎಡ್ಡಿ ರಾಬಿನ್ಸನ್ 1941ರಿಂದ 1997ರವರೆಗೆ ಕೋಚಾಗಿ 408 ಪಂದ್ಯ ಗೆದ್ದರು. 1960, 70ರ ದಶಕದಲ್ಲಿ ಬಿಳಿಯರ ಕಾಲೇಜುಗಳು ಬಾಗಿಲು ತೆರೆದು ಮೊದಲು ಎಳೆದುಕೊಂಡದ್ದರಲ್ಲಿ ಈ ಹುಡುಗರ ಕಾಲುಗಳೂ ಭುಜಗಳೂ ಸೇರಿವೆ. 1963ರಲ್ಲಿ ಅಲಬಾಮಾದ ಗವರ್ನರ್ ವ್ಯಾಲೇಸ್ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತು ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ತಡೆದ. 1971ರಲ್ಲಿ ಅದೇ ಅಲಬಾಮಾದ ತಂಡದಲ್ಲಿ ಕಪ್ಪು ಹುಡುಗರು ಆಡುತ್ತಿದ್ದರು. ಮನಸ್ಸು ಬದಲಾಗೋಕೆ ಎಂಟು ವರ್ಷ ಸಾಲದು, ಗೆಲುವಿನ ಆಸೆಗೆ ಸಾಕು.

ಕಪ್ಪು ಜನರ ಕಾಲೇಜುಗಳಿಗೆ ಉಳಿದದ್ದೇನು? 2013ರಲ್ಲಿ ಗ್ರ್ಯಾಂಬ್ಲಿಂಗ್ ಆಟಗಾರರು ಬೂಸ್ಟು ಹಿಡಿದ ಕೋಣೆಗಳು, ನೂರಾರು ಮೈಲಿ ಬಸ್ಸಿನ ಪ್ರಯಾಣ ಇವುಗಳಿಂದ ಬೇಸತ್ತು ಆಡುವುದಿಲ್ಲ ಅಂತ ಕೂತರು. ಪಂದ್ಯ ರದ್ದಾಯಿತು. 2023ರಲ್ಲಿ ಅಮೆರಿಕ ಸರ್ಕಾರವೇ 16 ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆಯಿತು. ಜಮೀನು ದತ್ತಿಯ ಕಪ್ಪು ವಿಶ್ವವಿದ್ಯಾಲಯಗಳಿಗೆ ಮೂವತ್ತು ವರ್ಷಗಳಲ್ಲಿ 1,200 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕಾದ್ದನ್ನು ಕೊಟ್ಟಿಲ್ಲ ಅಂತ ಆ ಪತ್ರದ ಲೆಕ್ಕ. ಇಂಥ ಕಾಲೇಜುಗಳನ್ನು ಪಿಕನ್ಸ್ ಕ್ರೀಡಾಂಗಣದ ಎದುರು ನಿಲ್ಲಿಸಿ ಸ್ಪರ್ಧೆ ಮಾಡಿ ಅಂದರೆ ಅದು ಸ್ಪರ್ಧೆಯೇ?

ಈಗ ಕೂಲಿಯ ಕಥೆಗೆ ಬರೋಣ. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂಬತ್ತಕ್ಕೆ ಒಂಬತ್ತು ನ್ಯಾಯಾಧೀಶರ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಜುಲೈ 1ರಿಂದ ಹುಡುಗರು ತಮ್ಮ ಹೆಸರು, ಮುಖ, ಚಿತ್ರ ಬಳಸಲು ಬಿಟ್ಟು ಹಣ ಪಡೆಯಬಹುದು ಅಂತಾಯಿತು. ಕೂಡಲೇ ಹಳೆಯ ವಿದ್ಯಾರ್ಥಿಗಳ ಹಣದ ಕೂಟಗಳು ಹುಟ್ಟಿದವು. 2025ರ ಜೂನ್‌ನಲ್ಲಿ ಇನ್ನೊಂದು ಮೊಕದ್ದಮೆ ರಾಜಿಯಾಗಿ, ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಕೊಡುವ ಒಪ್ಪಂದವಾಯಿತು. ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಪಾಲು ಹಂಚಬಹುದು. ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯ ಎಲ್ಲ ಆಟಗಳಿಗೂ ಸೇರಿ ಹಂಚಬಹುದಾದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್.

ಒಳ್ಳೆಯದಾಯಿತಲ್ಲ, ಇನ್ನೇನು ಜಗಳ ಅಂತೀರಾ? ಮಿತಿ ಯಾರಿಗೆ ಅಂತ ನೋಡಿ. ಆಟಗಾರನ ಪಾಲಿಗೆ ಮಿತಿ ಇದೆ, ಕೋಚಿನ ಸಂಬಳಕ್ಕೆ ಮಿತಿ ಇಲ್ಲ, ಕ್ರೀಡಾಂಗಣದ ಖರ್ಚಿಗೆ ಮಿತಿ ಇಲ್ಲ. ಆಟಗಾರ ಹೊರಗಿನಿಂದ 600 ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡರೂ ಲೆಕ್ಕ ಒಪ್ಪಿಸಬೇಕು. ಎಲ್ಲಕ್ಕಿಂತ ದೊಡ್ಡದು, ಅವನು ಇವತ್ತಿಗೂ ನೌಕರ ಅಲ್ಲ. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಟಗಾರರು ಯೂನಿಯನ್ ಕಟ್ಟಹೊರಟರು. ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ಇವರು ನೌಕರರೇ ಹೌದು ಅಂದ. 2015ರಲ್ಲಿ ಮೇಲಿನ ಮಂಡಳಿ ಇದು ನಮ್ಮ ವ್ಯಾಪ್ತಿ ಅಲ್ಲ ಅಂತ ಕೈತೊಳೆದುಕೊಂಡಿತು. ಹಾಕಿದ ಮತಪೆಟ್ಟಿಗೆಯನ್ನು ತೆರೆಯಲೇ ಇಲ್ಲ. 2025ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂದ 'ಸ್ಕೋರ್' ಮಸೂದೆಯಲ್ಲಿ ಆಟಗಾರರು ನೌಕರರಲ್ಲ ಅಂತ ಕಾನೂನಿನಲ್ಲೇ ಬರೆದುಬಿಡುವ ಹುನ್ನಾರ ಇದೆ.

ಅಂದರೆ ಹಣ ಬಂದಿದೆ, ಕೂಲಿ ಬಂದಿಲ್ಲ. ಇವೆರಡರ ನಡುವಿನ ಅಂತರ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಗ್ಗಿಯಲ್ಲಿ ಕಣದ ಮೂಲೆಗೆ ನಿಂತು ಸೆರಗೊಡ್ಡಿದವರಿಗೆ ಧಣಿ ಮೊರದಿಂದ ಕಾಳು ಹಾಕುತ್ತಿದ್ದ. ಕೆಲವು ವರ್ಷ ಧಾರಾಳವಾಗಿಯೇ ಹಾಕುತ್ತಿದ್ದ. ಆದರೆ ಅದು ಅವನ ಮರ್ಜಿ. ತಲೆ ಎತ್ತಿ ಮಾತಾಡಿದ ವರ್ಷ ಮೊರ ಖಾಲಿ. ಕೂಲಿ ಹಕ್ಕು, ಇನಾಮು ಮರ್ಜಿ.

ಆ ಮರ್ಜಿ ಹೇಗಿರುತ್ತದೆ ಅನ್ನೋದನ್ನು ಟೆಕ್ಸಾಸ್ ವಿಶ್ವವಿದ್ಯಾಲಯ ತೋರಿಸಿದೆ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ ಅಲ್ಲಿನ ಆಟಗಾರರು, ಪ್ರತಿ ಪಂದ್ಯದಲ್ಲಿ ಹಾಡುವ ವಿಶ್ವವಿದ್ಯಾಲಯದ ಹಾಡನ್ನು ಬಿಡಿ ಅಂದರು. 1903ರಲ್ಲಿ ಆ ಹಾಡನ್ನು ಮೊದಲು ಹಾಡಿದ್ದು, ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಮಿನ್‌ಸ್ಟ್ರೆಲ್ ಆಟದಲ್ಲಿ. ಹಾಡು ಬಿಟ್ಟರೆ ನಮ್ಮ ದೇಣಿಗೆ ನಿಲ್ಲುತ್ತದೆ ಅಂತ ಸಿರಿವಂತ ಹಳೆಯ ವಿದ್ಯಾರ್ಥಿಗಳು ಕುಲಪತಿಗೆ ಕಾಗದ ಬರೆದದ್ದನ್ನು 2021ರಲ್ಲಿ ಪತ್ರಿಕೆ ಬಯಲಿಗೆಳೆಯಿತು. ಹಾಡು ಉಳಿಯಿತು. ಮೈ ನಿನ್ನದು, ಬೆವರು ನಿನ್ನದು, ಹಾಡು ಮಾತ್ರ ಧಣಿಯದು.

ಒಬ್ಬ ಗೆಳೆಯ ನಮ್ಮನ್ನು ಕೇಳಿದ: "ಅಲ್ಲಯ್ಯಾ, ಕೆಲವು ಹುಡುಗರಿಗೆ ವರ್ಷಕ್ಕೆ ಹತ್ತಾರು ಲಕ್ಷ ಡಾಲರ್ ಸಿಗ್ತದೆ. ಅವರಿಗೋಸ್ಕರ ನಾವ್ಯಾಕೆ ಅಳಬೇಕು?" ನ್ಯಾಯವಾದ ಪ್ರಶ್ನೆ. ಅಳಬೇಡ ಮಾರಾಯ. ಆ ಕೆಲವರನ್ನು ತೋರಿಸಿ ಉಳಿದ ಸಾವಿರಾರು ಮಂದಿಯ ಬಾಯಿ ಮುಚ್ಚಿಸುತ್ತಾರೆ ಅನ್ನೋದನ್ನು ಮಾತ್ರ ಮರೀಬೇಡ. ಕಾಲೇಜಿನಲ್ಲಿ ಆಡುವ ನೂರರಲ್ಲಿ ಇಬ್ಬರೂ ವೃತ್ತಿಪರ ಲೀಗಿಗೆ ಏರುವುದಿಲ್ಲ. ಉಳಿದವರಿಗೆ ಮುರಿದ ಮೊಣಕಾಲು ಉಳಿಯುತ್ತದೆ. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಕಪ್ಪು ಆಟಗಾರನೊಬ್ಬ ತಾಲೀಮಿನಲ್ಲಿ ಬಿಸಿಲ ಹೊಡೆತಕ್ಕೆ ಬಿದ್ದು ಸತ್ತ. ಮನೆಯವರಿಗೆ 2021ರಲ್ಲಿ ಬಂದದ್ದು 35 ಲಕ್ಷ ಡಾಲರ್. ಕೆಲಸದಿಂದ ತೆಗೆದ ಕೋಚಿಗೆ ಕರಾರಿನಂತೆ ಬರಬೇಕಿದ್ದದ್ದು 50 ಲಕ್ಷಕ್ಕೂ ಹೆಚ್ಚು.

ಹಾಗಾದರೆ ಏನು ಮಾಡಬೇಕು? ಉತ್ತರವನ್ನು ಆ ಹುಡುಗರೇ ಕೊಟ್ಟಿದ್ದಾರೆ. 1969ರಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ 14 ಕಪ್ಪು ಆಟಗಾರರು ವರ್ಣಭೇದ ಪ್ರತಿಭಟಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟುತ್ತೇವೆ ಅಂದರು. ಕೋಚು ಹದಿನಾಲ್ಕೂ ಮಂದಿಯನ್ನು ತಂಡದಿಂದ ಹೊರಹಾಕಿದ. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2019ರಲ್ಲಿ. ಅವರ ಕ್ಷಮೆಗೆ ಅರ್ಧ ಶತಮಾನ ಬೇಕು. 2015ರ ನವೆಂಬರ್‌ನಲ್ಲಿ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ವರ್ಣದ್ವೇಷದ ವಿರುದ್ಧ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕೂಗಿದರು, ಒಬ್ಬ ಉಪವಾಸ ಕೂತ. ಅಧ್ಯಕ್ಷ ಅಲುಗಲಿಲ್ಲ. ಆಗ ಕಪ್ಪು ಫುಟ್‌ಬಾಲ್ ಆಟಗಾರರು ಅವನು ಇಳಿಯೋವರೆಗೂ ನಾವು ಮೈದಾನಕ್ಕೆ ಇಳಿಯಲ್ಲ ಅಂದರು. ಬಿಳಿಯ ಜೊತೆಗಾರರೂ ಕೋಚೂ ಜೊತೆಗೆ ನಿಂತರು. ಒಂದು ಪಂದ್ಯ ತಪ್ಪಿದರೆ 10 ಲಕ್ಷ ಡಾಲರ್ ದಂಡ. ಎರಡು ದಿನ ತುಂಬುವುದರೊಳಗೆ ಅಧ್ಯಕ್ಷ ರಾಜೀನಾಮೆ ಕೊಟ್ಟ. ಮುಂದಿನ ತಿಂಗಳೇ ಒಬ್ಬ ಶಾಸಕ, ಮುಷ್ಕರ ಹೂಡುವ ಆಟಗಾರನ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವ ಮಸೂದೆ ತಂದ. ಅದು ನಿಲ್ಲಲಿಲ್ಲ, ವಾಪಸ್ ಪಡೆದ. ಆಟ ಇವರದಲ್ಲದಿದ್ದರೆ ಇವರು ಕೂತ ಕೂಡಲೇ ಅದು ನಿಂತದ್ದು ಹೇಗೆ?

ಹಳೆಯ ವಿದ್ಯಾರ್ಥಿಗಳಲ್ಲೂ ಇನ್ನೊಂದು ಬಗೆಯವರಿದ್ದಾರೆ. ಬಾಬಾಸಾಹೇಬ್ ಅಂಬೇಡ್ಕರ್ ಅವರು 1946ರಲ್ಲಿ ಕಪ್ಪು ಜನರ ಹೋರಾಟದ ಬಗ್ಗೆ ಕೇಳಿ ಕಾಗದ ಬರೆದದ್ದು ಡುಬಾಯ್ಸ್ ಅವರಿಗೆ. ಆ ಡುಬಾಯ್ಸ್ ಓದಿದ್ದು ಫಿಸ್ಕ್ ಎಂಬ ಕಪ್ಪು ಜನರ ವಿಶ್ವವಿದ್ಯಾಲಯದಲ್ಲಿ. 1924ರಲ್ಲಿ ಅವರು ಹಳೆಯ ವಿದ್ಯಾರ್ಥಿಯಾಗಿ ಅಲ್ಲಿಗೆ ಹೋದರು. ಶ್ರೀಮಂತ ಬಿಳಿಯರ ದೇಣಿಗೆಯ ಆಸೆಗೆ ವಿದ್ಯಾರ್ಥಿಗಳ ಬಾಯಿ ಕಟ್ಟಿದ ಅಧ್ಯಕ್ಷನನ್ನು ಘಟಿಕೋತ್ಸವದ ವೇದಿಕೆಯಲ್ಲೇ ಖಂಡಿಸಿದರು. 1925ರಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಅಧ್ಯಕ್ಷ ಕೆಳಗಿಳಿದ. ಹಣದ ಚೀಲ ತರಲಾಗದ ಹಳೆಯ ವಿದ್ಯಾರ್ಥಿ ತನ್ನ ಕಾಲೇಜಿಗೆ ಏನು ತರಬಹುದು ಅನ್ನೋದಕ್ಕೆ ಇದು ಉತ್ತರ.

ನಾವು ನಮ್ಮ ಮನೆಗಳ ಮೊದಲ ಹಳೆಯ ವಿದ್ಯಾರ್ಥಿಗಳು. ನಮ್ಮ ಹೆಸರಲ್ಲಿ ಕ್ರೀಡಾಂಗಣ ಏಳುವುದಿಲ್ಲ. ಆದರೆ ಆ ಹುಡುಗರಿಗೆ ನಾವು ಹೇಳುವುದಿಷ್ಟು: ಇನಾಮು ಬೇಡ, ಕೂಲಿ ಕೇಳಿ. ಒಬ್ಬೊಬ್ಬರಾಗಿ ಬೇಡ, ಸಂಘ ಕಟ್ಟಿ ಕೇಳಿ. ಆಟ ಕೆಡುತ್ತದೆ ಅಂದರೆ ಕೆಡಲಿ ಬಿಡಿ. ಮೈ ಮುರಿದು ದುಡಿದವನಿಗೆ ಕೂಲಿ ಕೊಟ್ಟರೆ ಕೆಡುವಂಥದ್ದು ಆಟವಲ್ಲ, ಬಿಟ್ಟಿ ಚಾಕರಿ.